ಪ್ಯಾಡಿಂಗ್ ಮೊದಲೋ, ಬ್ಯಾಕ್‌ಗ್ರೌಂಡ್ ಮೊದಲೋ? ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಮಾಡಿಫೈಯರ್ ಸರಪಳಿ ಓದುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಮಾರುಕಟ್ಟೆಗಳ ಅಡಿಕೆ ಧಾರಣೆ ತೋರಿಸುವ ಒಂದು ಆ್ಯಪ್ ಅನ್ನು, ಆಂಡ್ರಾಯ್ಡ್ ಸ್ಕ್ರೀನ್ ಕಟ್ಟುವ ಸಲಕರಣೆಯಾದ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲು, ಹೀಗೆ ಒಂದೊಂದು ಬಗೆಗೂ ಒಂದು ಕಾರ್ಡ್. ಎಡಕ್ಕೆ ಹೆಸರು, ಅದರ ಕೆಳಗೆ ಊರು, ಬಲಕ್ಕೆ ಕ್ವಿಂಟಲ್ ದರ. ನೋಡಲು ಇದಕ್ಕಿಂತ ಸರಳ ಸ್ಕ್ರೀನ್ ಇಲ್ಲ. ಆದರೂ ಕಾರ್ಡಿನ ಬಣ್ಣ ಅಕ್ಷರಕ್ಕೆ ಅಂಟಿಕೊಂಡು ನಿಲ್ಲುತ್ತದೆ, 50 ಎಂದು ಬರೆದ ಐಕಾನ್ ಸ್ಕ್ರೀನ್ ತುಂಬ ಹರಡಿಕೊಳ್ಳುತ್ತದೆ, ಹೆಸರು ಸ್ವಲ್ಪ ಉದ್ದವಾದ ಕೂಡಲೇ ದರ ಮಾಯವಾಗುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ: ಇನ್ನೊಂದು ಪ್ಯಾಡಿಂಗ್ (ಸುತ್ತಲಿನ ಬಿಡುವು) ಸೇರಿಸಿ ನೋಡುವುದು, ಸೈಜ್ ಬದಲಿಸಿ ನೋಡುವುದು, ಅದೂ ಆಗದಿದ್ದರೆ ಎಲ್ಲವನ್ನೂ ಒಂದು ಬಾಕ್ಸ್‌ನೊಳಗೆ ತುರುಕುವುದು. ಹಾಗೆ ತಡಕಾಡುವ ಅಗತ್ಯವಿಲ್ಲ. ಮಾಡಿಫೈಯರ್‌ಗಳು (ಒಂದು ವಸ್ತುವಿನ ಅಳತೆ, ಬಿಡುವು, ಬಣ್ಣ ಹೇಳುವ ಸೂಚನೆಗಳು) ಒಂದಕ್ಕೊಂದು ಏನನ್ನು ದಾಟಿಸುತ್ತವೆ ಎಂದು ತಿಳಿದರೆ ಈ ಮೂರೂ ತೊಂದರೆಗಳ ಉತ್ತರವನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು.

ಇಲ್ಲಿ ಸರಪಳಿಗಳನ್ನು ಹೀಗೆ ಬರೆದಿದೆ: ಪ್ಯಾಡಿಂಗ್(16) → ಬ್ಯಾಕ್‌ಗ್ರೌಂಡ್(ಹಳದಿ). ಕೋಡ್‌ನಲ್ಲಿ ಬಾಣದ ಜಾಗಕ್ಕೆ ಚುಕ್ಕಿ ಹಾಕಿಕೊಳ್ಳಿ. ಬೇರೆ ಏನೂ ಹೇಳದಿದ್ದರೆ ಸಂಖ್ಯೆಗಳೆಲ್ಲ ಡಿಪಿ ಲೆಕ್ಕ, ಅಂದರೆ ಯಾವ ಫೋನಿನಲ್ಲೂ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣಿಸುವ ಅಳತೆ.

ಮಿತಿ ಒಳಕ್ಕೆ, ಅಳತೆ ಹೊರಕ್ಕೆ

ಕಂಪೋಸ್ ಒಂದು ಫ್ರೇಮ್ ತಯಾರಿಸುವುದು ಮೂರು ಹಂತಗಳಲ್ಲಿ: ಏನು ತೋರಿಸಬೇಕು ಎಂಬ ಕಂಪೋಸಿಷನ್, ಎಷ್ಟು ದೊಡ್ಡದು ಮತ್ತು ಎಲ್ಲಿ ಎಂಬ ಲೇಔಟ್, ಕೊನೆಗೆ ಡ್ರಾಯಿಂಗ್. ಲೇಔಟ್ ಹಂತದಲ್ಲಿ ತಾಯಿ ಲೇಔಟ್ ತನ್ನ ಮಗುವಿಗೆ ನಾಲ್ಕು ಸಂಖ್ಯೆ ಕೊಡುತ್ತದೆ: ಕನಿಷ್ಠ ಅಗಲ, ಗರಿಷ್ಠ ಅಗಲ, ಕನಿಷ್ಠ ಎತ್ತರ, ಗರಿಷ್ಠ ಎತ್ತರ. ಇವೇ ಕನ್‌ಸ್ಟ್ರೇಂಟ್‌ಗಳು, ಮುಂದೆ ಇವನ್ನು ಮಿತಿ ಎನ್ನೋಣ. ಈ ಮಿತಿ ನೇರವಾಗಿ ಟೆಕ್ಸ್ಟ್ ಅಥವಾ ಇಮೇಜ್‌ಗೆ ಹೋಗುವುದಿಲ್ಲ. ಮೊದಲು ಸರಪಳಿಯ ಎಡತುದಿಯ ಮಾಡಿಫೈಯರ್ ಕೈಗೆ ಸಿಗುತ್ತದೆ. ಅದು ತನಗೆ ಬೇಕಾದಂತೆ ತಿದ್ದಿ ಪಕ್ಕದ್ದಕ್ಕೆ ದಾಟಿಸುತ್ತದೆ, ಅದು ಮತ್ತೆ ತಿದ್ದಿ ಮುಂದಕ್ಕೆ. ಕೊನೆಗೆ ಉಳಿದ ಮಿತಿಯೊಳಗೆ ಟೆಕ್ಸ್ಟ್ ತನ್ನ ಅಳತೆ ಆರಿಸಿಕೊಳ್ಳುತ್ತದೆ. ಆ ಅಳತೆ ಬಲದಿಂದ ಎಡಕ್ಕೆ ಮರಳುತ್ತದೆ. ದಾರಿಯಲ್ಲಿ ಪ್ಯಾಡಿಂಗ್‌ನಂಥವು ತಮ್ಮ ಪಾಲನ್ನು ಕೂಡಿಸುತ್ತವೆ. ಅಡಿಕೆಗೆ ಸಿಪ್ಪೆ ಇದ್ದಂತೆ ಎಡತುದಿಯದು ಹೊರಗಿನ ಪದರ, ಬಲತುದಿಯದರ ಒಳಗೇ ತಿರುಳು.

ಒಂದು ಲೆಕ್ಕ ಮಾಡಿ ನೋಡಿ. ಸ್ಕ್ರೀನ್ ಅಗಲ 360, ತಾಯಿ ಕೊಟ್ಟ ಅಗಲದ ಮಿತಿ 0ರಿಂದ 360.

ಪ್ಯಾಡಿಂಗ್(16) → ಸೈಜ್(100)

ಪ್ಯಾಡಿಂಗ್ ಎಡಬಲ ಸೇರಿ 32 ಕಳೆದು 0ರಿಂದ 328 ಎಂದು ದಾಟಿಸುತ್ತದೆ. ಸೈಜ್ ಅದನ್ನು 100ರಿಂದ 100 ಮಾಡುತ್ತದೆ, ಅಂದರೆ ಕನಿಷ್ಠವೂ ಗರಿಷ್ಠವೂ ಒಂದೇ. ಒಳಗಿನ ವಸ್ತು 100 ಆಗುತ್ತದೆ. ವಾಪಸು ಬರುವಾಗ ಪ್ಯಾಡಿಂಗ್ 32 ಕೂಡಿಸುತ್ತದೆ. ತಾಯಿಗೆ ಕಾಣುವ ಅಗಲ 132.

ಸೈಜ್(100) → ಪ್ಯಾಡಿಂಗ್(16)

ಈಗ ಮೊದಲೇ ಮಿತಿ 100ರಿಂದ 100 ಆಯಿತು. ಪ್ಯಾಡಿಂಗ್ ಅದರಿಂದ 32 ಕಳೆದು 68ರಿಂದ 68 ಎಂದು ಕೊಡುತ್ತದೆ. ವಸ್ತು 68, ಹೊರಗಿನ ಅಗಲ 100. ಅದೇ ಎರಡು ಪದ, ಅವೇ ಎರಡು ಸಂಖ್ಯೆ. ಐಕಾನ್ ಮಾತ್ರ 100ರ ಬದಲು 68.

ಕಂಪೋಸ್‌ನಲ್ಲಿ ಮಾರ್ಜಿನ್ ಎಂಬ ಮಾಡಿಫೈಯರ್ ಏಕಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಬಣ್ಣಕ್ಕಿಂತ ಮೊದಲು ಬಂದ ಪ್ಯಾಡಿಂಗ್ ಕಾರ್ಡಿನ ಹೊರಗಿನ ಬಿಡುವು, ಬಣ್ಣದ ನಂತರ ಬಂದದ್ದು ಒಳಗಿನ ಬಿಡುವು. ಪ್ಯಾಡಿಂಗ್(12) → ಬ್ಯಾಕ್‌ಗ್ರೌಂಡ್(ಹಳದಿ) → ಪ್ಯಾಡಿಂಗ್(16) ಎಂದರೆ ಎರಡೂ ಸಿಕ್ಕವು. ಆಂಡ್ರಾಯ್ಡ್‌ನ ಹಳೆಯ ಎಕ್ಸ್‌ಎಂಎಲ್ ಲೇಔಟ್‌ನಿಂದ ಬಂದವರು ಮೈನಸ್ ಮಾರ್ಜಿನ್ ಅಭ್ಯಾಸದಲ್ಲಿ ಪ್ಯಾಡಿಂಗ್‌ಗೆ ಋಣ ಸಂಖ್ಯೆ ಕೊಟ್ಟುಬಿಡುತ್ತಾರೆ. ಆ್ಯಪ್ ಕ್ರ್ಯಾಶ್ ಆಗುತ್ತದೆ, ಪ್ಯಾಡಿಂಗ್ ಸೊನ್ನೆಗಿಂತ ಕಡಿಮೆ ಇರುವಂತಿಲ್ಲ. ಪಕ್ಕಕ್ಕೆ ಸರಿಸುವುದಷ್ಟೇ ಬೇಕಿದ್ದರೆ ಆಫ್‌ಸೆಟ್ ಇದೆ. ಅದು ವಸ್ತುವನ್ನು ಇಡುವ ಜಾಗವನ್ನು ಮಾತ್ರ ಬದಲಿಸುತ್ತದೆ, ತಾಯಿ ಮೀಸಲಿಟ್ಟ ಅಳತೆ ಹಾಗೆಯೇ ಇರುತ್ತದೆ, ಪಕ್ಕದವರು ಸರಿದು ಜಾಗ ಬಿಡುವುದಿಲ್ಲ. ಬ್ಯಾಕ್‌ಗ್ರೌಂಡ್ → ಆಫ್‌ಸೆಟ್ ಎಂದು ಬರೆದರೆ ಬಣ್ಣ ಇದ್ದಲ್ಲೇ ನಿಂತು ಅಕ್ಷರ ಮಾತ್ರ ಜಾರುತ್ತದೆ.

ಎರಡು ಸೈಜ್ ಜಗಳ

ಸೈಜ್(100) → ಸೈಜ್(50) ಎಂದು ಬರೆದರೆ ಎಷ್ಟು? ಕೊನೆಯದು ಗೆಲ್ಲಬೇಕು ಎಂದು ಅನ್ನಿಸುತ್ತದೆ, ವೆಬ್ ಪುಟಗಳ ಸಿಎಸ್‌ಎಸ್ ಬಲ್ಲವರಿಗಂತೂ ಇನ್ನೂ ಹೆಚ್ಚು. ಗೆಲ್ಲುವುದು ಮೊದಲನೆಯದು. ಎರಡನೆಯ ಸೈಜ್‌ಗೆ ಬಂದು ಸೇರುವ ಮಿತಿಯೇ 100ರಿಂದ 100. ಸೈಜ್ ಎಂಬುದು ಆಜ್ಞೆಯಲ್ಲ, ಕೋರಿಕೆ; ಬಂದ ಮಿತಿಯೊಳಗೆ ಎಷ್ಟು ಸಾಧ್ಯವೋ ಅಷ್ಟೇ ನಡೆಯುತ್ತದೆ. 50ಕ್ಕೆ ಅಲ್ಲಿ ಅವಕಾಶವೇ ಇಲ್ಲ.

ಐಕಾನ್ ಸ್ಕ್ರೀನ್ ತುಂಬ ಹರಡುವುದೂ ಇದೇ ಕಾರಣಕ್ಕೆ. ಫಿಲ್‌ಮ್ಯಾಕ್ಸ್‌ಸೈಜ್ → ಸೈಜ್(50) ಎಂದಾಗ ಮೊದಲ ಮಾಡಿಫೈಯರ್ ಕನಿಷ್ಠವನ್ನೂ ಗರಿಷ್ಠಕ್ಕೆ ಏರಿಸಿ ಬಿಗಿದುಬಿಟ್ಟಿರುತ್ತದೆ. ಬಿಗಿ ಸಡಿಲಿಸಲು ನಡುವೆ ರ‍್ಯಾಪ್‌ಕಂಟೆಂಟ್‌ಸೈಜ್ ಹಾಕಿ:

ಫಿಲ್‌ಮ್ಯಾಕ್ಸ್‌ಸೈಜ್ → ರ‍್ಯಾಪ್‌ಕಂಟೆಂಟ್‌ಸೈಜ್ → ಸೈಜ್(50)

ನಡುವಿನದು ಕನಿಷ್ಠವನ್ನು ಮತ್ತೆ 0 ಮಾಡುತ್ತದೆ, 50 ಜಾರಿಯಾಗುತ್ತದೆ, ಉಳಿದ ಜಾಗದ ನಡುಮಧ್ಯಕ್ಕೆ ಐಕಾನ್ ಕೂರುತ್ತದೆ. ಮೂಲೆಗೆ ಬೇಕಿದ್ದರೆ ಅಲೈನ್‌ಮೆಂಟ್ ಅನ್ನು ಅದಕ್ಕೇ ಕೊಡಬಹುದು.

ಮಿತಿಯನ್ನು ಲೆಕ್ಕಿಸದೆ ಹಟ ಹಿಡಿಯುವುದು ರಿಕ್ವೈರ್ಡ್‌ಸೈಜ್. ಸೈಜ್(100) → ರಿಕ್ವೈರ್ಡ್‌ಸೈಜ್(150) ಎಂದರೆ ವಸ್ತು ನಿಜವಾಗಿಯೂ 150 ಆಗುತ್ತದೆ. ಆದರೆ ತಾಯಿ ಅದನ್ನು 100 ಎಂದೇ ತಿಳಿದಿರುತ್ತದೆ. ವಸ್ತು ಆ 100ರ ಮಧ್ಯಕ್ಕೆ ಕೂತು ಸುತ್ತ 25ರಷ್ಟು ಹೊರಚಾಚುತ್ತದೆ. ಹೀಗೆ ಹೊರಚಾಚಿದ್ದನ್ನು ತಾಯಿ ಲೇಔಟ್ ಸಾಮಾನ್ಯವಾಗಿ ತಾನಾಗಿ ಕತ್ತರಿಸುವುದಿಲ್ಲವಾದ್ದರಿಂದ ಆ 25 ಪಕ್ಕದ ಅಕ್ಷರದ ಮೇಲೆ ಬಿದ್ದಿರುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ರಿಕ್ವೈರ್ಡ್ ಗುಂಪಿನವನ್ನು ಹೊರಚಾಚುವುದೇ ಉದ್ದೇಶವಾದಾಗ ಮಾತ್ರ ಬಳಸಿ. ಸೈಜ್ ಕೆಲಸ ಮಾಡುತ್ತಿಲ್ಲ ಎಂಬ ಸಿಟ್ಟಿಗೆ ಬಳಸಿದ ರಿಕ್ವೈರ್ಡ್‌ಸೈಜ್ ಚಿಕ್ಕ ಫೋನಿನಲ್ಲಿ ಬಯಲಾಗುತ್ತದೆ.

ಸರಪಳಿಯಲ್ಲಿ ಒಂದೇ ಸೈಜ್ ಇದ್ದರೂ ಅದು ನಡೆಯದ ಸಂದರ್ಭ ಒಂದಿದೆ: ತಾಯಿ ಸರ್ಫೇಸ್ (ಬಣ್ಣ, ಆಕಾರ ಇರುವ ಹಾಳೆಯಂಥ ಲೇಔಟ್) ಆಗಿದ್ದಾಗ. ಬಾಕ್ಸ್ ತನಗೆ ಬಂದ ಕನಿಷ್ಠ ಮಿತಿಯನ್ನು ಮಕ್ಕಳಿಗೆ ದಾಟಿಸುವುದಿಲ್ಲ, ಸರ್ಫೇಸ್ ದಾಟಿಸುತ್ತದೆ. ಹಾಗಾಗಿ ಫಿಲ್‌ಮ್ಯಾಕ್ಸ್‌ಸೈಜ್ ಇರುವ ಸರ್ಫೇಸ್‌ನ ನೇರ ಮಗುವಿಗೆ ಸೈಜ್(50) ಕೊಟ್ಟರೂ ಅದು ಸ್ಕ್ರೀನ್ ತುಂಬುತ್ತದೆ. ನಡುವೆ ಒಂದು ಬಾಕ್ಸ್ ಇಟ್ಟರೆ ಸರಿಹೋಗುತ್ತದೆ. ಕಾರಣ ಗೊತ್ತಿಲ್ಲದೆ ಬಾಕ್ಸ್ ತುರುಕುವವರಿಗೂ ಎಷ್ಟೋ ಸಲ ಪರಿಹಾರ ಸಿಗುವುದು ಇದೇ ಕಾರಣಕ್ಕೆ.

ದರ ಏಕೆ ಮಾಯವಾಯಿತು

ಈಗ ಕಾರ್ಡಿನ ಒಳಗೆ ಹೋಗೋಣ. ಸ್ಕ್ರೀನ್ 360, ಹೊರ ಪ್ಯಾಡಿಂಗ್ 12, ಒಳ ಪ್ಯಾಡಿಂಗ್ 16. ಮಕ್ಕಳನ್ನು ಅಡ್ಡಸಾಲಿನಲ್ಲಿ ಕೂರಿಸುವ ರೋ ಕೈಗೆ ಸಿಗುವ ಅಗಲ 360ರಲ್ಲಿ 24 ಮತ್ತು 32 ಕಳೆದು 304. ರೋ ತನ್ನ ಮಕ್ಕಳನ್ನು ಬರೆದ ಕ್ರಮದಲ್ಲಿ ಅಳೆಯುತ್ತದೆ. ಮೊದಲು ಹೆಸರು. ಅದಕ್ಕೆ ಪೂರ್ತಿ 304ರವರೆಗೆ ಅವಕಾಶ. ‘ರಾಶಿ’ ಎಂದಷ್ಟೇ ಇದ್ದರೆ ತೊಂದರೆಯಿಲ್ಲ. ‘ಸಿಪ್ಪೆಗೋಟು, ಹಳೆಯ ದಾಸ್ತಾನು’ ಎಂದು ಬಂದರೆ ಹೆಸರು ಜಾಗವನ್ನೆಲ್ಲ ನುಂಗುತ್ತದೆ. ಉಳಿದದ್ದು ದರಕ್ಕೆ. ಚೂರು ಉಳಿದಿದ್ದರೆ ಐದು ಅಂಕಿಗಳು ಒಂದರ ಕೆಳಗೊಂದು ನಿಂತು ಕಾರ್ಡ್ ಎತ್ತರವಾಗುತ್ತದೆ. ಏನೂ ಉಳಿದಿಲ್ಲವಾದರೆ ದರದ ಅಗಲ 0. ಹೆಸರಿಗೆ ಫಿಲ್‌ಮ್ಯಾಕ್ಸ್‌ವಿಡ್ತ್ ಹಾಕಿದವರಿಗೆ ಇದು ಚಿಕ್ಕ ಹೆಸರಿನಲ್ಲೂ ಆಗುತ್ತದೆ.

ಪರಿಹಾರ ವೇಟ್. ವೇಟ್ ಇರುವ ಮಕ್ಕಳನ್ನು ರೋ ಪಕ್ಕಕ್ಕಿಟ್ಟು, ಇಲ್ಲದವರನ್ನು ಮೊದಲು ಅಳೆದು, ಉಳಿದದ್ದನ್ನು ವೇಟ್‌ನವರಿಗೆ ಹಂಚುತ್ತದೆ. ಹೀಗೆ ಮಾಡಿ:

ಹೆಸರು ಮತ್ತು ಊರು ಇರುವ ಕಾಲಂಗೆ (ಒಂದರ ಕೆಳಗೊಂದು ಕೂರಿಸುವ ಲೇಔಟ್) ವೇಟ್(1) ಕೊಡಿ. ದರಕ್ಕೆ ವೇಟ್ ಬೇಡ. ಬದಲಿಗೆ ಒಂದೇ ಸಾಲು ಎಂದು ಹೇಳಿ, ಸಾಫ್ಟ್‌ರ‍್ಯಾಪ್ ಆಫ್ ಮಾಡಿ. ರೋಗೆ ಸ್ಪೇಸ್ಡ್‌ಬೈ(8) ಕೊಡಿ. ದರದ ಅಗಲ 92 ಆದರೆ ಹೆಸರಿಗೆ ಸಿಗುವುದು 304ರಿಂದ 92 ಮತ್ತು 8 ಕಳೆದು 204. ಹೆಸರು ಉದ್ದವಾದರೆ ಎರಡನೇ ಸಾಲಿಗೆ ಇಳಿಯುತ್ತದೆ, ದರ ಅಲುಗಾಡುವುದಿಲ್ಲ.

ವೇಟ್‌ಗೂ ಅಗಲಕ್ಕೂ ಒಂದು ತಿಕ್ಕಾಟವಿದೆ. ವೇಟ್(1) → ವಿಡ್ತ್(50) ಎಂದು ಬರೆದರೆ 50 ನಡೆಯುವುದಿಲ್ಲ. ವೇಟ್ ಸಾಮಾನ್ಯವಾಗಿ ತನ್ನ ಪಾಲಿನ ಜಾಗವನ್ನು ತುಂಬಲೇಬೇಕು ಎಂದು ಕನಿಷ್ಠ, ಗರಿಷ್ಠ ಎರಡನ್ನೂ ಬಿಗಿಯುತ್ತದೆ. ಫಿಲ್ ಎಂಬ ಎರಡನೇ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಗರಿಷ್ಠ ಮಾತ್ರ ಉಳಿಯುತ್ತದೆ. ಹೆಸರಿನ ಬೆನ್ನಿಗೇ ‘ಹೊಸದು’ ಎಂಬ ಪುಟ್ಟ ಚೀಟಿ ಅಂಟಿಸಬೇಕಿದ್ದರೆ ಇದೇ ಬೇಕು: ಹೆಸರಿಗೆ ಫಿಲ್ ಇಲ್ಲದ ವೇಟ್, ಚೀಟಿಗೆ ವೇಟ್ ಇಲ್ಲ. ಹೆಸರು ಚಿಕ್ಕದಿದ್ದಾಗ ಚೀಟಿ ಹತ್ತಿರ ಬರುತ್ತದೆ, ಉದ್ದವಾದಾಗ ಹೊರಗೆ ತಳ್ಳಿಸಿಕೊಳ್ಳುವುದಿಲ್ಲ.

ಆಗುಂಬೆ ಘಾಟಿಯಂಥ ಕಡೆ ನೆಟ್‌ವರ್ಕ್ ಬಂದು ಹೋಗಿ ಮಾಡುವಾಗ ದರದ ಜಾಗದಲ್ಲಿ ಬರೀ ಅಡ್ಡಗೆರೆ ತೋರಿಸಿ, ಆಮೇಲೆ ಐದು ಅಂಕಿ ತುಂಬಿದರೆ ಹೆಸರಿನ ಸಾಲು ಕುಣಿಯುತ್ತದೆ. ದರಕ್ಕೆ ವಿಡ್ತ್‌ಇನ್(ಕನಿಷ್ಠ 88) ಹಾಕಿದರೆ ಕುಣಿತ ಬಹುಪಾಲು ನಿಲ್ಲುತ್ತದೆ.

ಎರಡು ಕಾಲಂಗಳ ನಡುವೆ ಉದ್ದನೆಯ ಗೆರೆ ಬೇಕೆಂದು ಡಿವೈಡರ್‌ಗೆ ಫಿಲ್‌ಮ್ಯಾಕ್ಸ್‌ಹೈಟ್ ಕೊಟ್ಟಾಗ ಕಾರ್ಡ್ ಸ್ಕ್ರೀನ್ ಎತ್ತರಕ್ಕೆ ಬೆಳೆದರೆ, ರೋಗೆ ಹೈಟ್(ಇಂಟ್ರಿನ್ಸಿಕ್‌ಸೈಜ್ ಮಿನ್) ಕೊಡಿ. ಒಂದೇ ಲೇಔಟ್ ಸುತ್ತಿನಲ್ಲಿ ಒಂದು ಮಗುವನ್ನು ಎರಡು ಸಲ ಅಳೆಯಲು ಕಂಪೋಸ್ ಬಿಡುವುದಿಲ್ಲ, ಎಕ್ಸೆಪ್ಶನ್ ಎಸೆಯುತ್ತದೆ. ಅಳೆಯುವ ಮೊದಲೇ ಅಂದಾಜು ಕೇಳುವ ದಾರಿ ಇಂಟ್ರಿನ್ಸಿಕ್. ಆದರೆ ಆ ರೋ ಒಳಗೆ ಲೇಜಿ ಪಟ್ಟಿ (ಕಣ್ಣಿಗೆ ಕಾಣುವ ಸಾಲುಗಳನ್ನಷ್ಟೇ ಕಟ್ಟುವ ಲೇಜಿಕಾಲಂನಂಥದ್ದು) ಅಥವಾ ಬಂದ ಮಿತಿ ನೋಡಿ ಒಳಗಿನದನ್ನು ಕಟ್ಟುವ ಬಾಕ್ಸ್‌ವಿತ್‌ಕನ್‌ಸ್ಟ್ರೇಂಟ್ಸ್ ಇದ್ದರೆ ಅಂದಾಜು ಹೇಳಲು ಅವಕ್ಕೆ ಬರುವುದಿಲ್ಲ, ಅಲ್ಲೂ ಕ್ರ್ಯಾಶ್.

ಒತ್ತಕ್ಷರ ಕತ್ತರಿಸಿ ಹೋಗುವುದು

ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಡಿಸೈನ್ ಕನ್ನಡ ಹಾಕಿದ ದಿನವೇ ಸೋಲುವುದು ಇಲ್ಲಿ. ಊರಿನ ಹೆಸರಿಗೆ ಹೈಟ್(20) ಎಂದು ಬಿಗಿದು 16 ಎಸ್‌ಪಿ ಅಕ್ಷರ ಇಟ್ಟಿದ್ದೀರಿ ಎನ್ನಿ. ‘ಸಾಗರ’ ಚೆನ್ನಾಗಿ ಕಾಣುತ್ತದೆ. ‘ಶಿವಮೊಗ್ಗ’ದ ಗಕಾರದ ಒತ್ತು, ‘ತೀರ್ಥಹಳ್ಳಿ’ಯ ಳಕಾರದ ಒತ್ತು, ‘ಬೆಟ್ಟೆ’ಯ ಟಕಾರದ ಒತ್ತು ತಳದಲ್ಲಿ ಕತ್ತರಿಸಿರುತ್ತವೆ. ಟೆಕ್ಸ್ಟ್ ತನ್ನ ಮಿತಿಗೆ ಮೀರಿದ್ದನ್ನು ಸಾಮಾನ್ಯವಾಗಿ ಕತ್ತರಿಸುತ್ತದೆ. ಜತೆಗೆ ಎಸ್‌ಪಿ ಎಂಬುದು ಬಳಕೆದಾರರು ಆರಿಸಿದ ಅಕ್ಷರ ಗಾತ್ರದೊಂದಿಗೆ ಬೆಳೆಯುತ್ತದೆ, ಡಿಪಿ ಬೆಳೆಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರವನ್ನು 1.3 ಪಟ್ಟು ಮಾಡಿಕೊಂಡವರ ಫೋನಿನಲ್ಲಿ ನೇರವಾಗಿ ಗುಣಿಸಿದರೆ 16 ಎಸ್‌ಪಿ ಎಂದರೆ 20.8 ಡಿಪಿ, 20ರ ಪೆಟ್ಟಿಗೆಯಲ್ಲಿ ‘ಸಾಗರ’ವೂ ಹಿಡಿಸುವುದಿಲ್ಲ. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಶೇ 200ರವರೆಗೆ ಹಿಗ್ಗಿಸಬಹುದು. ಧಾರಣೆ ನೋಡುವವರಲ್ಲಿ ದೊಡ್ಡ ಅಕ್ಷರ ಇಟ್ಟುಕೊಂಡ ಹಿರಿಯರೇ ಹೆಚ್ಚಿರಬಹುದಾದ ಆ್ಯಪ್‌ಗೆ ಇದು ಸಣ್ಣ ವಿಷಯವಲ್ಲ.

ಅಕ್ಷರ ಇರುವ ಯಾವುದಕ್ಕೂ ಹೈಟ್ ಬಿಗಿಯಬೇಡಿ. ಸಾಲು ತೀರ ಚಿಕ್ಕದಾಗಬಾರದು ಎಂದಿದ್ದರೆ ಹೈಟ್‌ಇನ್(ಕನಿಷ್ಠ 48) ಹಾಕಿ. ಕನಿಷ್ಠ ಮಾತ್ರ ಗೊತ್ತುಪಡಿಸಿದ್ದರಿಂದ ಅಕ್ಷರ ಬೆಳೆದಂತೆ ಸಾಲೂ ಬೆಳೆಯುತ್ತದೆ. ಲೈನ್‌ಹೈಟ್ ಅನ್ನು ಅಕ್ಷರದ ಗಾತ್ರಕ್ಕೆ ಸಮ ಮಾಡಬೇಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. 16 ಎಸ್‌ಪಿಗೆ 24 ಎಸ್‌ಪಿ ಒಳ್ಳೆಯ ಆರಂಭ. ಕಂಪೋಸ್ 1.6ರಿಂದ ಫಾಂಟ್ ಪ್ಯಾಡಿಂಗ್ ಸೇರಿಸುವ ಆಯ್ಕೆ ತಾನಾಗಿ ಆಫ್ ಇರುತ್ತದೆ. ಹಳೆಯ ಪ್ರಾಜೆಕ್ಟ್ ಅಪ್‌ಡೇಟ್ ಮಾಡಿದ ಮೇಲೆ ಅಕ್ಷರದ ಮೇಲೆ ಕೆಳಗೆ ಇದ್ದ ಬಿಡುವು ಕುಗ್ಗಿದಂತೆ ಕಂಡರೆ ಮೊದಲು ಅದನ್ನು ನೋಡಿ. ಹೆಸರು 16, ದರ 20 ಎಸ್‌ಪಿ ಹೀಗೆ ಗಾತ್ರ ಬೇರೆ ಬೇರೆ ಇದ್ದಾಗ ರೋನಲ್ಲಿ ಮಧ್ಯಕ್ಕೆ ಜೋಡಿಸಿದರೆ ಅಂಕಿ ತುಸು ತೇಲಿದಂತೆ ಕಾಣುತ್ತದೆ. ಇಬ್ಬರಿಗೂ ಅಲೈನ್‌ಬೈಬೇಸ್‌ಲೈನ್ ಕೊಟ್ಟರೆ ಎರಡೂ ಒಂದೇ ಗೆರೆಯ ಮೇಲೆ ಕೂರುತ್ತವೆ.

ಬಣ್ಣ, ಕತ್ತರಿ, ನೆರಳು, ಒತ್ತುವ ಜಾಗ

ಬ್ಯಾಕ್‌ಗ್ರೌಂಡ್, ಬಾರ್ಡರ್, ಕ್ಲಿಪ್, ಶ್ಯಾಡೋ, ರೊಟೇಟ್ ಇವು ಮಿತಿಯನ್ನು ಮುಟ್ಟುವುದಿಲ್ಲ. ಬಂದದ್ದನ್ನು ಹಾಗೆಯೇ ದಾಟಿಸುತ್ತವೆ. ಸರಪಳಿಯಲ್ಲಿ ತಮ್ಮ ಬಲಕ್ಕೆ ಇರುವುದೆಲ್ಲ ಸೇರಿ ಎಷ್ಟು ದೊಡ್ಡದಾಯಿತೋ ಅಷ್ಟರ ಮೇಲೆ ಕೆಲಸ ಮಾಡುತ್ತವೆ.

ಕ್ಲಿಪ್(ವೃತ್ತ) → ಪ್ಯಾಡಿಂಗ್(10) → ಸೈಜ್(100) ಇರುವ ಫೋಟೋ ದುಂಡಗೆ ಬರುವುದಿಲ್ಲ. ಕ್ಲಿಪ್‌ಗೆ ಕಾಣುವ ಅಳತೆ 120, ಅದರ ವೃತ್ತದ ತ್ರಿಜ್ಯ 60. ಒಳಗಿನ 100ರ ಚೌಕದ ಮೂಲೆ ನಡುವಿನಿಂದ ಸುಮಾರು 70.7 ದೂರ. ಹಾಗಾಗಿ ಮೂಲೆಗಳಷ್ಟೇ ಕತ್ತರಿಸಿದ ಚೌಕ ಸಿಗುತ್ತದೆ. ಪ್ಯಾಡಿಂಗ್(10) → ಕ್ಲಿಪ್(ವೃತ್ತ) → ಸೈಜ್(100) ಮಾಡಿದರೆ ಸರಿಯಾದ ದುಂಡು.

ಕಾರ್ಡಿಗೆ ನಾವು ಸೂಚಿಸುವ ಕ್ರಮ:

ಫಿಲ್‌ಮ್ಯಾಕ್ಸ್‌ವಿಡ್ತ್ → ಪ್ಯಾಡಿಂಗ್(ಅಡ್ಡ 12, ಉದ್ದ 6) → ಶ್ಯಾಡೋ(2, ದುಂಡುಮೂಲೆ 12) → ಬ್ಯಾಕ್‌ಗ್ರೌಂಡ್ → ಕ್ಲಿಕ್ಕಬಲ್ → ಪ್ಯಾಡಿಂಗ್(16)

ಶ್ಯಾಡೋದ ಎತ್ತರ 0ಕ್ಕಿಂತ ಹೆಚ್ಚಿದ್ದರೆ ಅದು ಕ್ಲಿಪ್ ಕೂಡ ಮಾಡುತ್ತದೆ, ಪ್ರತ್ಯೇಕ ಕ್ಲಿಪ್ ಬೇಡ. ನೆರಳು ಬೇಡವಾದರೆ ಆ ಜಾಗದಲ್ಲಿ ಕ್ಲಿಪ್ ಇಡಿ. ಕ್ಲಿಪ್ ಮೊದಲು ಬಂದು ಶ್ಯಾಡೋ ಆಮೇಲೆ ಬಂದರೆ ನೆರಳೇ ಕತ್ತರಿಸಿ ಹೋಗುತ್ತದೆ. ಕ್ಲಿಕ್ಕಬಲ್ ಕತ್ತರಿಗಿಂತ ಮೊದಲಿದ್ದರೆ ಒತ್ತಿದಾಗ ಏಳುವ ಅಲೆ ದುಂಡು ಮೂಲೆ ದಾಟಿ ಚೌಕವಾಗಿ ಕಾಣುತ್ತದೆ. ಒಳ ಪ್ಯಾಡಿಂಗ್ ಕ್ಲಿಕ್ಕಬಲ್‌ಗಿಂತ ಮೊದಲು ಬಂದರೆ ಅಂಚಿನ 16 ಡಿಪಿ ಒತ್ತಿದರೂ ಕಾರ್ಡ್ ತೆರೆಯುವುದಿಲ್ಲ. ಬ್ಯಾಕ್‌ಗ್ರೌಂಡ್ ಮತ್ತು ಕ್ಲಿಕ್ಕಬಲ್ ನಡುವೆ ಮಾತ್ರ ಯಾವುದು ಮೊದಲಾದರೂ ಚಿಂತೆಯಿಲ್ಲ, ಅಲೆ ಬಣ್ಣದ ಮೇಲೆಯೇ ಬರುತ್ತದೆ.

ಬಾರ್ಡರ್ ಜಾಗ ತೆಗೆದುಕೊಳ್ಳುವುದಿಲ್ಲ. 2ರ ಗೆರೆ ಎಳೆದರೆ ಅದು ಒಳಗಿನ ವಸ್ತುವಿನ ಅಂಚಿನ ಮೇಲೆಯೇ ಬೀಳುತ್ತದೆ, ಬಿಡುವು ಬೇಕಿದ್ದರೆ ಮುಂದೆ ಪ್ಯಾಡಿಂಗ್ ಹಾಕಬೇಕು. ರೊಟೇಟ್(90) ಮಾಡಿದ ಅಕ್ಷರ ಪಕ್ಕದ್ದರ ಮೇಲೆ ಏರುವುದೂ ಇಂಥದ್ದೇ: ಕಣ್ಣಿಗೆ ತಿರುಗಿದೆ, ಅಳತೆ ತಿರುಗಿಲ್ಲ.

ಶೇರ್ ಮಾಡುವ ಪುಟ್ಟ ಐಕಾನ್‌ಗೆ ಕ್ಲಿಕ್ಕಬಲ್ → ಪ್ಯಾಡಿಂಗ್(12) → ಸೈಜ್(24) ಬರೆಯಿರಿ, ಒತ್ತುವ ಜಾಗ 48 ಆಗುತ್ತದೆ. ಪ್ಯಾಡಿಂಗ್ ಮೊದಲು ಬಂದರೆ ಅಲೆ 24ರಲ್ಲೇ ಮುಗಿಯುತ್ತದೆ. ಸಣ್ಣ ಗುರಿಗಳನ್ನು ಕಂಪೋಸ್ ಒಳಗೊಳಗೇ ತುಸು ಹಿಗ್ಗಿಸಿ ಬೆರಳಿಗೆ ಸಿಗುವಂತೆ ಮಾಡುತ್ತದೆ ನಿಜ, ಆದರೆ ಪಕ್ಕದಲ್ಲೇ ಇನ್ನೊಂದು ಐಕಾನ್ ಇರುವಾಗ ಅದನ್ನು ನೆಚ್ಚಿಕೊಳ್ಳಬೇಡಿ.

ಸ್ಕ್ರಾಲ್ ಬಂದರೆ ಗರಿಷ್ಠಕ್ಕೆ ಕೊನೆಯಿಲ್ಲ

ವರ್ಟಿಕಲ್‌ಸ್ಕ್ರಾಲ್ ತನ್ನ ಬಲಕ್ಕೆ ದಾಟಿಸುವ ಗರಿಷ್ಠ ಎತ್ತರ ಅನಂತ. ಅದರ ಪರಿಣಾಮ ಮೂರು ಕಡೆ ಕಾಣುತ್ತದೆ. ಅನಂತವನ್ನು ತುಂಬುವುದು ಆಗದ ಮಾತಾದ್ದರಿಂದ ಫಿಲ್‌ಮ್ಯಾಕ್ಸ್‌ಹೈಟ್ ಸುಮ್ಮನಾಗುತ್ತದೆ. ವೇಟ್‌ಗೆ ಹಂಚಲು ಉಳಿಕೆ ಎಂಬುದೇ ಇಲ್ಲದೆ ಆ ಮಗುವಿನ ಎತ್ತರ 0 ಆಗುತ್ತದೆ. ಸ್ಕ್ರಾಲ್ ಆಗುವ ಕಾಲಂ ಒಳಗೆ ಲೇಜಿಕಾಲಂ ಇಟ್ಟರೆ, ಕೊನೆಯಿಲ್ಲದ ಎತ್ತರದಲ್ಲಿ ಅಳೆಯಲಾಗದು ಎಂದು ಆ್ಯಪ್ ನೇರ ಕ್ರ್ಯಾಶ್ ಆಗುತ್ತದೆ. ಈ ಮೂರನೆಯದಕ್ಕೆ ಮದ್ದು ಹೊರಗಿನ ಸ್ಕ್ರಾಲ್ ತೆಗೆಯುವುದು: ತಲೆಬರಹ, ದಿನಾಂಕ, ಮಳೆಯ ಪಟ್ಟಿ ಎಲ್ಲವನ್ನೂ ಲೇಜಿಕಾಲಂನೊಳಗೇ ಐಟಂ ಮಾಡಿ. ತಲೆಬರಹ ಮೇಲೆ, ಬಟನ್ ಕೆಳಗೆ ಸ್ಥಿರವಾಗಿ ನಿಲ್ಲಬೇಕಿದ್ದರೆ ಹೊರಗೆ ಸಾಮಾನ್ಯ ಕಾಲಂ ಇಟ್ಟು ಲೇಜಿಕಾಲಂಗೆ ವೇಟ್(1) ಕೊಡಿ. ವೇಟ್ ಮರೆತರೆ ಪಟ್ಟಿ ಉಳಿದ ಎತ್ತರವನ್ನೆಲ್ಲ ತಿಂದು ಬಟನ್‌ಗೆ 0 ಬಿಡುತ್ತದೆ, ದರಕ್ಕೆ ಆದದ್ದೇ ಬಟನ್‌ಗೂ.

ಫಾರಂ ತುಂಬುವ ಸ್ಕ್ರೀನ್‌ನಲ್ಲಿ ಇನ್ನೊಂದು ಬೇಡಿಕೆ ಬರುತ್ತದೆ: ವಿವರ ಕಡಿಮೆ ಇದ್ದಾಗ ಬಟನ್ ತಳದಲ್ಲಿರಬೇಕು, ಹೆಚ್ಚಾದಾಗ ಎಲ್ಲವೂ ಸ್ಕ್ರಾಲ್ ಆಗಬೇಕು. ಇದಕ್ಕೆ ಕಾಲಂನ ಮಾಡಿಫೈಯರ್ ಹೀಗಿರಲಿ:

ಫಿಲ್‌ಮ್ಯಾಕ್ಸ್‌ಸೈಜ್ → ವರ್ಟಿಕಲ್‌ಸ್ಕ್ರಾಲ್

ನಡುವೆ ವೇಟ್(1) ಇರುವ ಒಂದು ಸ್ಪೇಸರ್ (ಖಾಲಿ ಜಾಗ) ಹಾಕಿ. ಸ್ಕ್ರಾಲ್ ಗರಿಷ್ಠವನ್ನು ಅನಂತ ಮಾಡುತ್ತದೆಯೇ ಹೊರತು ಕನಿಷ್ಠವನ್ನು ಮುಟ್ಟುವುದಿಲ್ಲ. ಫಿಲ್‌ಮ್ಯಾಕ್ಸ್‌ಸೈಜ್ ಏರಿಸಿಟ್ಟ ಕನಿಷ್ಠ ಎತ್ತರ ಹಾಗೆಯೇ ಒಳಗೆ ದಾಟುತ್ತದೆ, ಸ್ಪೇಸರ್ ಆ ಕನಿಷ್ಠ ತುಂಬುವವರೆಗೆ ಹಿಗ್ಗುತ್ತದೆ. ಎರಡನ್ನೂ ತಿರುಗಿಸಿ ಬರೆದರೆ ಫಿಲ್‌ಮ್ಯಾಕ್ಸ್‌ಸೈಜ್‌ಗೆ ಅನಂತ ಸಿಕ್ಕು ಅದು ಎತ್ತರದಲ್ಲಿ ನಿಷ್ಕ್ರಿಯವಾಗುತ್ತದೆ, ಬಟನ್ ಮೇಲಕ್ಕೆ ಬಂದುಬಿಡುತ್ತದೆ. ಕೀಬೋರ್ಡ್ ಏರಿದಾಗ ಟೈಪ್ ಮಾಡುವ ಜಾಗ ಮುಚ್ಚಿಹೋಗದಿರಲು ಐಎಂಇ ಪ್ಯಾಡಿಂಗ್ (ಕೀಬೋರ್ಡ್‌ನಷ್ಟು ಬಿಡುವು) ಅನ್ನು ಸ್ಕ್ರಾಲ್‌ಗಿಂತ ಮೊದಲು ಇಡಿ. ಆಗ ಕುಗ್ಗುವುದು ಕಾಣುವ ಕಿಟಕಿ.

ಸಾಮಾನ್ಯ ಪ್ಯಾಡಿಂಗ್‌ಗೂ ಇದೇ ನ್ಯಾಯ. ಪ್ಯಾಡಿಂಗ್(16) → ವರ್ಟಿಕಲ್‌ಸ್ಕ್ರಾಲ್ ಆದರೆ ಸಾಲುಗಳು ಸ್ಕ್ರೀನ್ ಅಂಚಿಗೆ 16 ಮೊದಲೇ ಗೆರೆ ಹೊಡೆದಂತೆ ಕತ್ತರಿಸುತ್ತವೆ. ತಿರುಗಿಸಿದರೆ ಬಿಡುವೂ ಪಟ್ಟಿಯ ಜತೆ ಸರಿಯುತ್ತದೆ. ಲೇಜಿಕಾಲಂನಲ್ಲಿ ಆ ಕೆಲಸಕ್ಕೆ ಕಂಟೆಂಟ್‌ಪ್ಯಾಡಿಂಗ್ ಇದೆ.

ಟಾರ್ಗೆಟ್ ಎಸ್‌ಡಿಕೆ 35 ಮಾಡಿದ ಆ್ಯಪ್‌ಗಳನ್ನು ಆಂಡ್ರಾಯ್ಡ್ 15 ಸ್ಟೇಟಸ್ ಬಾರ್ ಅಡಿಯವರೆಗೂ ಹರಡುವಂತೆ ಮಾಡುತ್ತದೆ. ಬ್ಯಾಕ್‌ಗ್ರೌಂಡ್ ಮೊದಲು, ಸಿಸ್ಟಂಬಾರ್ಸ್‌ಪ್ಯಾಡಿಂಗ್ ಆಮೇಲೆ ಇದ್ದರೆ ಬಣ್ಣ ಮೇಲ್ತುದಿಯವರೆಗೆ ಹೋಗುತ್ತದೆ, ಅಕ್ಷರ ಗಡಿಯಾರದ ಕೆಳಗೆ ನಿಲ್ಲುತ್ತದೆ.

ಹೊರಗಿನಿಂದ ಬರುವ ಮಾಡಿಫೈಯರ್

ಕಾರ್ಡನ್ನು ಪ್ರತ್ಯೇಕ ಕಂಪೋಸಬಲ್ (ಸ್ಕ್ರೀನಿನ ಒಂದು ತುಂಡು ಕಟ್ಟುವ ಫಂಕ್ಷನ್) ಮಾಡಿದಾಗ ಮಾಡಿಫೈಯರ್ ಅನ್ನು ಪ್ಯಾರಾಮೀಟರ್ ಆಗಿ ತೆಗೆದುಕೊಳ್ಳಿ, ಹೊರಗಿನ ಲೇಔಟ್ ಒಂದಕ್ಕೇ ಕೊಡಿ. ಕರೆದವರ ಸರಪಳಿ ಎಡಕ್ಕೆ, ನಿಮ್ಮದು ಅದರ ಮುಂದೆ. ಹಾಗಾಗಿ ಅವರು ಕೊಟ್ಟ ಅಳತೆ ನಿಮ್ಮ ಅಳತೆಯನ್ನು ಗೆಲ್ಲುತ್ತದೆ, ಇರಬೇಕಾದದ್ದೂ ಹಾಗೆಯೇ. ಅದೇ ಪ್ಯಾರಾಮೀಟರ್ ಅನ್ನು ಒಳಗಿನ ಟೆಕ್ಸ್ಟ್‌ಗೂ ಕೊಟ್ಟುಬಿಡುವುದು ತುಂಬ ಸಾಮಾನ್ಯವಾದ ತಪ್ಪು. ಹೊರಗೆ ಕೊಟ್ಟ 12ರ ಪ್ಯಾಡಿಂಗ್ ಒಳಗೂ ಬಿದ್ದು ಬಿಡುವು ಎರಡಾಗುತ್ತದೆ, ಕ್ಲಿಕ್ಕಬಲ್ ಕೊಟ್ಟಿದ್ದರೆ ಒಂದರೊಳಗೊಂದು ಒತ್ತುವ ಜಾಗ. ಒಳಗೆ ಯಾವಾಗಲೂ ದೊಡ್ಡಕ್ಷರದ (Modifier ಎಂದು ಬರೆಯುವ) ಖಾಲಿ ಮಾಡಿಫೈಯರ್‌ನಿಂದ ಆರಂಭಿಸಿ. ಇನ್ನು, ಕಾರ್ಡಿನ ಹೊರ ಬಿಡುವನ್ನು ಕಾರ್ಡೇ ಇಟ್ಟುಕೊಳ್ಳುವುದಕ್ಕಿಂತ ಪಟ್ಟಿಗೆ ಬಿಡುವುದು ಒಳ್ಳೆಯದು. ಮೇಲಿನ ಸರಪಳಿಯ ಮೊದಲ ಎರಡು ಕೊಂಡಿ ಕರೆದವರ ಪಾಲು, ಉಳಿದದ್ದು ಕಾರ್ಡಿನ ಪಾಲು.

ಐಫೋನ್‌ಗೂ ಬರೆಯುವವರಿಗೆ

ಸ್ವಿಫ್ಟ್‌ಯುಐನಲ್ಲಿ ಪ್ರತಿ ಮಾಡಿಫೈಯರ್ ತನ್ನ ಹಿಂದಿನದನ್ನು ಸುತ್ತಿಕೊಂಡು ಹೊಸ ವ್ಯೂ ಕೊಡುತ್ತದೆ, ಕೊನೆಯದೇ ಹೊರ ಪದರ. ಅಲ್ಲಿ ಪ್ಯಾಡಿಂಗ್ ಆಮೇಲೆ ಬ್ಯಾಕ್‌ಗ್ರೌಂಡ್ ಬರೆದರೆ ಬಣ್ಣ ಬಿಡುವನ್ನೂ ಮುಚ್ಚುತ್ತದೆ. ಕಂಪೋಸ್‌ನಲ್ಲಿ ಅದೇ ಕ್ರಮಕ್ಕೆ ಬಣ್ಣ ಅಕ್ಷರಕ್ಕಷ್ಟೇ. ಒಂದರಿಂದ ಇನ್ನೊಂದಕ್ಕೆ ತರುವಾಗ ಸರಪಳಿಯನ್ನು ತಿರುಗಿಸಿ ಬರೆಯಿರಿ. ಅಳತೆಯ ವಿಷಯಕ್ಕೆ ಬಂದರೆ ತಿರುಗಿಸಿದರೂ ಸಾಲದು. ಸ್ವಿಫ್ಟ್‌ಯುಐನಲ್ಲಿ ತಾಯಿ ಒಂದು ಅಳತೆಯನ್ನು ಸೂಚಿಸುತ್ತದೆ, ಮಗು ತನ್ನದನ್ನು ತಾನೇ ನಿರ್ಧರಿಸುತ್ತದೆ. 50ರ ಫ್ರೇಮ್ ಆಮೇಲೆ 100ರ ಫ್ರೇಮ್ ಹಾಕಿದರೆ ಯಾರೂ ಸೋಲುವುದಿಲ್ಲ: 100ರೊಳಗೆ 50 ಮಧ್ಯಕ್ಕೆ ಕೂತಿರುತ್ತದೆ. ರಿಸೈಜಬಲ್ ಎಂದು ಹೇಳದ ಇಮೇಜ್ ಫ್ರೇಮ್‌ಗೆ ಬಗ್ಗುವುದೂ ಇಲ್ಲ. ಎರಡೂ ಬಗೆಯ ಫೋನಿಗೆ ಬರೆಯುವ ಫ್ಲಟರ್ ಅಳತೆಯಲ್ಲಿ ಕಂಪೋಸ್‌ಗೆ ಹತ್ತಿರ, ಬಿಗಿ 100 ಬಂದಲ್ಲಿ 50ರ ಸೈಜ್ಡ್‌ಬಾಕ್ಸ್ ಕೂಡ 100 ಆಗುತ್ತದೆ.

ತಪ್ಪು ಎಲ್ಲಿದೆ ಎಂದು ಹುಡುಕುವುದು

ಮೊದಲು ಸರಪಳಿಯ ಸಂದುಗಳಲ್ಲಿ ಬೇರೆ ಬೇರೆ ಬಣ್ಣದ ಬಾರ್ಡರ್(1) ಹಾಕಿ. ಬಾರ್ಡರ್ ಅಳತೆ ಬದಲಿಸದ್ದರಿಂದ ಪ್ರತಿ ಹಂತದ ಪೆಟ್ಟಿಗೆ ಇದ್ದಂತೆಯೇ ಕಾಣುತ್ತದೆ. ಪ್ಯಾಡಿಂಗ್ ಎಲ್ಲಿ ಕೂತಿದೆ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಸೈಜ್ ನಡೆಯುತ್ತಿಲ್ಲ ಎಂಬ ತೊಂದರೆಗೆ ಬಾರ್ಡರ್ ಸಾಲದು, ಮಿತಿಯನ್ನೇ ನೋಡಬೇಕು. ಲೇಔಟ್ ಮಾಡಿಫೈಯರ್ ಬಳಸಿ ನಾಲ್ಕು ಸಾಲಿನ ಸಣ್ಣ ಎಕ್ಸ್‌ಟೆನ್ಶನ್ ಬರೆದಿಟ್ಟುಕೊಳ್ಳಿ: ಬಂದ ಕನ್‌ಸ್ಟ್ರೇಂಟ್ ಅನ್ನು ಲಾಗ್ ಮಾಡುವುದು, ಅದನ್ನೇ ಕೊಟ್ಟು ಮೆಷರ್ ಮಾಡುವುದು, ಸಿಕ್ಕ ಅಗಲ ಎತ್ತರ ಲಾಗ್ ಮಾಡುವುದು, ಅದೇ ಅಳತೆಯ ಲೇಔಟ್‌ನಲ್ಲಿ 0, 0 ಜಾಗಕ್ಕೆ ಪ್ಲೇಸ್ ಮಾಡುವುದು. ಒಂದು ಹೆಸರನ್ನೂ ಪ್ಯಾರಾಮೀಟರ್ ಆಗಿ ಕೊಟ್ಟರೆ ಲಾಗ್‌ನಲ್ಲಿ ಯಾವ ಕೊಂಡಿಯ ಮಾತು ಎಂದು ಗೊತ್ತಾಗುತ್ತದೆ. ಅನುಮಾನವಿರುವ ಮಾಡಿಫೈಯರ್‌ನ ಎಡಕ್ಕೊಂದು ಬಲಕ್ಕೊಂದು ಇಡಿ. ಅಲ್ಲಿ ಬರುವ ಸಂಖ್ಯೆಗಳು ಪಿಕ್ಸೆಲ್. 480 ಡಿಪಿಐ ಫೋನಿನಲ್ಲಿ 1 ಡಿಪಿಗೆ 3 ಪಿಕ್ಸೆಲ್, ಆದ್ದರಿಂದ 360 ಎಂಬುದು 1080 ಎಂದು ಕಾಣುತ್ತದೆ. ಕನಿಷ್ಠ ಮತ್ತು ಗರಿಷ್ಠ ಒಂದೇ ಆಗಿದ್ದರೆ ಎಡಗಡೆ ಯಾರೋ ಬಿಗಿದಿದ್ದಾರೆ. ಗರಿಷ್ಠ 0 ಇದ್ದರೆ ಪಕ್ಕದ ಮಗು ಜಾಗ ನುಂಗಿದೆ. ಗರಿಷ್ಠ ಅನಂತ ಇದ್ದರೆ ಮೇಲೆಲ್ಲೋ ಸ್ಕ್ರಾಲ್ ಇದೆ. ಆಂಡ್ರಾಯ್ಡ್ ಸ್ಟುಡಿಯೋದ ಲೇಔಟ್ ಇನ್‌ಸ್ಪೆಕ್ಟರ್ ಕೂಡ ಚಾಲ್ತಿಯಲ್ಲಿರುವ ಆ್ಯಪ್‌ನ ಇಡೀ ಮರವನ್ನು ತೋರಿಸುತ್ತದೆ. ಮೂಲ ಎಲ್ಲಿದೆ ಎಂದೇ ತಿಳಿಯದಾಗ ಅದರಿಂದ ಆರಂಭಿಸಿ ಆಮೇಲೆ ಲಾಗ್‌ಗೆ ಬನ್ನಿ.

ಪ್ರಿವ್ಯೂ ಎರಡು ಇಟ್ಟುಕೊಳ್ಳಿ: ಒಂದು ಮಾಮೂಲಿ, ಇನ್ನೊಂದು ಅಗಲ 320, ಫಾಂಟ್‌ಸ್ಕೇಲ್ 2, ಹೆಸರಿನ ಜಾಗದಲ್ಲಿ ‘ಸಿಪ್ಪೆಗೋಟು, ಹಳೆಯ ದಾಸ್ತಾನು’, ಊರಿನ ಜಾಗದಲ್ಲಿ ‘ತೀರ್ಥಹಳ್ಳಿ’. ಎರಡನೆಯದರಲ್ಲಿ ದರ ಒಂದೇ ಸಾಲಿನಲ್ಲಿ ನಿಂತು, ಳಕಾರದ ಒತ್ತು ಪೂರ್ತಿ ಕಂಡರೆ ಕಾರ್ಡ್ ಕಳಿಸಲು ಸಿದ್ಧ.